ಖಾಲಿ ಬಿಡಬೇಕಿದ್ದ ಕೊಳವೆ

ಗಾಳಿ ತಾಕಿದರೆ ಸಾಯುವ ಜೀವಿಗಳನ್ನು ಸಾಕುವುದು ಅಕ್ಕನ ಕೆಲಸ. ಲೋಕದಲ್ಲಿ ನಾಯಿ ಸಾಕುವವರಿದ್ದಾರೆ, ಗಿಳಿ ಸಾಕುವವರಿದ್ದಾರೆ. ಇವಳು ಸಾಕುತ್ತಿದ್ದದ್ದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳನ್ನು, ಅದರಲ್ಲೂ ನಮಗೆ ಉಸಿರಾದ ಆಮ್ಲಜನಕವೇ ವಿಷವಾಗಿರುವಂಥವನ್ನು. ಮನೆಯಲ್ಲಿ ತಮ್ಮ ಮತ್ತು ತಮ್ಮನ ಹೆಂಡತಿ ಅಕ್ಕ ಎನ್ನುತ್ತಿದ್ದರು. ಲ್ಯಾಬಿನಲ್ಲೂ ಆ ಹೆಸರೇ ಅಂಟಿಕೊಂಡು, ಅವಳಿಗಿಂತ ಹಿರಿಯರಾದ ಮುಖ್ಯಸ್ಥರು ಕೂಡ ಹಾಗೇ ಕರೆಯುತ್ತಿದ್ದರು. ನಾವೂ ಹಾಗೇ ಕರೆಯೋಣ.

ಲ್ಯಾಬಿನ ಮೂಲೆಯಲ್ಲೊಂದು ದೊಡ್ಡ ಗಾಜಿನ ಪೆಟ್ಟಿಗೆ. ಒಳಗೆ ಸಾರಜನಕ ತುಂಬಿರುತ್ತದೆ, ಆಮ್ಲಜನಕದ ಸುಳಿವೂ ಇರಬಾರದು. ಮುಂದೆ ಜೋತುಬಿದ್ದ ಎರಡು ಉದ್ದ ರಬ್ಬರ್ ಗ್ಲೌಸ್‌ಗಳಿಗೆ ತೋಳು ತೂರಿಸಿ, ಹೊರಗೆ ನಿಂತೇ ಒಳಗಿನ ಕೆಲಸ ಮಾಡಬೇಕು. ಬೆವರು ಇಳಿದರೆ ಒರೆಸಿಕೊಳ್ಳುವ ಹಾಗಿಲ್ಲ, ಮೂಗು ಕೆರೆದರೆ ದೇವರೇ ಗತಿ. ಬ್ಯಾಕ್ಟೀರಿಯಾಗಳಿಗೆ ಉಣಿಸುವ ದ್ರಾವಣದಲ್ಲಿ ಒಂದು ಬಣ್ಣ ಬೆರೆಸಿರುತ್ತಾರೆ. ಎಲ್ಲಿಂದಲಾದರೂ ಗಾಳಿ ನುಸುಳಿತೋ, ದ್ರಾವಣ ಗುಲಾಬಿಗೆ ತಿರುಗಿ ಚಾಡಿ ಹೇಳುತ್ತದೆ. ಅಕ್ಕನ ಕೊಳವೆಗಳು ಗುಲಾಬಿಯಾದದ್ದನ್ನು ಯಾರೂ ಕಂಡಿರಲಿಲ್ಲ. ಇದನ್ನು ಈಗಲೇ ಹೇಳಿಬಿಡಬೇಕು, ಏಕೆಂದರೆ ಮುಂದೆ ಆದದ್ದು ಕೈ ಒರಟಾದವರಿಂದ ಆಗುವ ತಪ್ಪಲ್ಲ.

ತಮ್ಮ ಕೊಳಚೆ ನೀರಿನ ಪಂಪ್‌ಹೌಸಿನಲ್ಲಿ ಮೆಕ್ಯಾನಿಕ್. ಒಂದು ದಿನ ತುಕ್ಕು ಹಿಡಿದ ತಗಡಿನ ಚೂಪು ಅವನ ಬೂಟು ಸೀಳಿ ಪಾದದೊಳಕ್ಕೆ ಇಳಿಯಿತು. ಯಾವುದಕ್ಕೂ "ಏನಾಗಲ್ಲ ಬಿಡು" ಎನ್ನುವ ಆಸಾಮಿ. ರಜೆ ಹಾಕಲಿಲ್ಲ, ಆಸ್ಪತ್ರೆಗೂ ಹೋಗಲಿಲ್ಲ. ಹೆಂಡತಿ ಗಾಯ ತೊಳೆದು, ಮುಲಾಮು ಹಚ್ಚಿ, ಬಟ್ಟೆ ಸುತ್ತಿ, ಹೊಲಸು ನೀರು ತಾಕದಿರಲಿ ಎಂದು ಮೇಲೊಂದು ಪ್ಲಾಸ್ಟಿಕ್ ಕವರ್ ಎಳೆದು ಟೇಪ್ ಬಿಗಿದು ಕಳಿಸಿದಳು. ಅಕ್ಕರೆಯಿಂದ ಕಟ್ಟಿದ ಕಟ್ಟು. ಅದರೊಳಗೆ ಒಂದು ಹನಿ ನೀರೂ ಹೋಗಿರಲಿಕ್ಕಿಲ್ಲ, ಗಾಳಿಯೂ ಹೋಗಿರಲಿಕ್ಕಿಲ್ಲ. ಎರಡು ದಿನ ಹಾಗೇ ಓಡಾಡಿದ. ಆಮೇಲೆ ಕಾಲು ಊದಿ ಕಪ್ಪಾಯಿತು, ಒತ್ತಿದರೆ ಚರ್ಮದಡಿಯಿಂದ ಚಿಟಚಿಟ ಸದ್ದು ಬರತೊಡಗಿತು. ಆಸ್ಪತ್ರೆಯವರು ಕಾಲು ತೆಗೆದರು. ಕಾಲಿನ ಹಿಂದೆಯೇ ಅವನೂ ಹೋದ.

ನಾಲಿಗೆಗೆ ಎಲುಬಿಲ್ಲ. ಆಪರೇಷನ್ ಕೋಣೆಯ ಹೊರಗೆ ಕೂತಿದ್ದಾಗ, ನರ್ಸ್ ತಂದುಕೊಟ್ಟ ಆ ಕವರನ್ನೂ ಟೇಪನ್ನೂ ನೋಡಿ ಅಕ್ಕನ ಬಾಯಿಂದ ಒಂದು ಮಾತು ಜಾರಿತು.

"ಗಾಳಿ ಆಡದ ಹಾಗೆ ಕಟ್ಟಿದ್ರೆ ಇನ್ನೇನಾಗುತ್ತೆ."

ಯಾರಿಗೂ ಹೇಳಿದ್ದಲ್ಲ, ತನಗೆ ತಾನೇ ಅಂದುಕೊಂಡದ್ದು. ಆದರೆ ಪಕ್ಕದಲ್ಲಿ ತಾಯಿ ಕೂತಿದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಣ್ಣಾದ ಮೇಲೆ ಮನೆ ತುಂಬ ಬಂದವರ ಎದುರಿಗೆ ತಾಯಿ, "ನನ್ನ ಮಗನ್ನ ಪೊಟ್ಟಣ ಕಟ್ಟಿ ಕಳಿಸಿದಳು, ಬೇಕಾದ್ರೆ ಓದಿದೋಳನ್ನ ಕೇಳಿ," ಎಂದು ಮಗಳ ಕಡೆ ಕೈ ತೋರಿಸಿದರು. ಓದಿದವಳು ತಲೆ ತಗ್ಗಿಸಿದಳು. ಅಲ್ಲ ಎನ್ನಲಿಲ್ಲ, ಹೌದೂ ಎನ್ನಲಿಲ್ಲ. ಸೊಸೆ ಯಾರಿಗೂ ಎದುರಾಡದೆ, ಇನ್ನೂ ಶಾಲೆಗೆ ಸೇರದ ಮಗಳು ಗುಬ್ಬಿಯನ್ನು ಎತ್ತಿಕೊಂಡು ತವರಿಗೆ ಹೋದಳು. ಅವಳ ಬಟ್ಟೆಯ ಬೀರು ತೆರೆದದ್ದು ತೆರೆದೇ ಇತ್ತು, ಅದನ್ನು ಮುಚ್ಚುವ ಧೈರ್ಯ ಅಕ್ಕನಿಗೆ ಬರಲಿಲ್ಲ.

ಆಸ್ಪತ್ರೆಯ ಲ್ಯಾಬಿನಲ್ಲಿ ತಮ್ಮನ ಗಾಯದಿಂದ ಏನೂ ಬೆಳೆಯಲಿಲ್ಲ. ಅಷ್ಟರಲ್ಲಿ ಔಷಧಿ ಏರಿಸಿಯಾಗಿತ್ತು, ತೆಗೆದ ಮಾಂಸದ ಚೂರು ಬಾಯಿ ತೆರೆದ ಡಬ್ಬಿಯಲ್ಲಿ ಅರ್ಧ ದಿನ ಕೂತಿತ್ತು. ಸರ್ಜನ್ ಪರಿಚಯದವರು, ಉಳಿದದ್ದನ್ನು ಅಕ್ಕನ ಕೈಗೆ ಕೊಟ್ಟು, ನಿಮ್ಮಲ್ಲಿ ಏನಾದರೂ ಸಿಗುತ್ತದೋ ನೋಡಿ ಎಂದರು. ತಮ್ಮನ ಕಾಲಿನ ಚೂರು. ಅದರಲ್ಲಿ ಸ್ವಲ್ಪವನ್ನು ಅವಳು ಫ್ರೀಜರಿನಲ್ಲಿಟ್ಟಳು, ಉಳಿದದ್ದನ್ನು ಗಾಜಿನ ಪೆಟ್ಟಿಗೆಯೊಳಗೆ ಕತ್ತರಿಸಿ ಕೊಳವೆಗಳಿಗೆ ಹಾಕಿದಳು.

ಅವರ ಕಸುಬಿನಲ್ಲಿ ಒಂದು ನೇಮವಿದೆ. ಏನೇ ಬೆಳೆಸಲಿ, ಒಂದು ಕೊಳವೆಗೆ ಬರೀ ದ್ರಾವಣ ಹಾಕಿ, ಬೇರೇನನ್ನೂ ಹಾಕದೆ, ಖಾಲಿ ಬಿಡಬೇಕು. ಆ ಖಾಲಿ ಕೊಳವೆಯಲ್ಲಿ ಏನಾದರೂ ಬೆಳೆದರೆ, ಜೀವಿ ಬಂದದ್ದು ರೋಗಿಯಿಂದಲ್ಲ, ನಮ್ಮ ದ್ರಾವಣದಿಂದಲೇ ಎಂದು ಅರ್ಥ. ಹೊಸದಾಗಿ ಸೇರಿದವರಿಗೆಲ್ಲ ಇದನ್ನು ತಲೆಗೆ ತುಂಬುತ್ತಿದ್ದವಳು ಅಕ್ಕನೇ. ಆ ದಿನ ಒಳ್ಳೆಯ ಮುಚ್ಚಳದ ಕೊಳವೆಗಳು ಕೆಲವೇ ಇದ್ದವು. ಕೊನೆಯ ಚೂರು ಇಕ್ಕಳದ ತುದಿಯಲ್ಲಿತ್ತು, ಕೊನೆಯ ಕೊಳವೆ ಖಾಲಿ ಇತ್ತು. ತಮ್ಮನ ಚೂರನ್ನು ಕಸಕ್ಕೆ ಹಾಕಲು ಅವಳಿಗೆ ಕೈ ಬರಲಿಲ್ಲ. ಖಾಲಿ ಬಿಡಬೇಕಿದ್ದ ಕೊಳವೆಗೂ ಅದನ್ನು ಹಾಕಿ ಮುಚ್ಚಿಬಿಟ್ಟಳು. ದ್ರಾವಣವನ್ನು ವಾರದ ಹಿಂದೆ ಅವಳೇ ಕುದಿಸಿ ಮಾಡಿದ್ದಳು. ಎರಡು ದಿನ ಬೆಚ್ಚಗಿಟ್ಟು, ತಿಳಿಯಾಗಿದೆ ಎಂದು ನೋಡಿಯೂ ಇದ್ದಳು.

ಕೆಲವು ವಾರದ ಮೇಲೆ ಎಲ್ಲ ಕೊಳವೆಗಳೂ ಮಬ್ಬಾದವು. ಸೂಕ್ಷ್ಮದರ್ಶಕದಡಿ ಸಣ್ಣಗೆ ಬಾಗಿದ ಕಡ್ಡಿಗಳು, ತುದಿಯಲ್ಲೊಂದು ಬೀಜದಂಥ ಗುಂಡು. ಇಂಥದ್ದನ್ನು ಅವಳು ಎಲ್ಲೂ ಕಂಡಿರಲಿಲ್ಲ.

ಅದು ಯಾರ ಪೈಕಿ ಎಂದು ತಿಳಿಯಲು ಡಿಎನ್‌ಎ ಓದಿಸಿದರು. ಪ್ರತಿ ಬ್ಯಾಕ್ಟೀರಿಯಾದಲ್ಲೂ ಇರುವ ಒಂದು ಜೀನ್ ಉಂಟು. ಅದನ್ನು ಲೋಕದಲ್ಲಿ ಈವರೆಗೆ ಸಿಕ್ಕಿದ ಎಲ್ಲವುಗಳ ಜೊತೆ ಹೋಲಿಸಿ ನೋಡುತ್ತಾರೆ, ಗೊತ್ತಿಲ್ಲದ ಮಗುವಿನ ಮೂಗು ಯಾರದ್ದು, ಹಣೆ ಯಾರದ್ದು ಎಂದು ನೋಡುವ ಹಾಗೆ. ನೂರಕ್ಕೆ ತೊಂಬತ್ತೊಂಬತ್ತು ಹೊಂದಿದರೆ ಗೊತ್ತಿದ್ದವರ ಮನೆಯದ್ದೇ. ಇದು ತೊಂಬತ್ನಾಲ್ಕೂ ದಾಟಲಿಲ್ಲ. ಅದರ ಡಿಎನ್‌ಎಯನ್ನು ಮೊದಲಿಂದ ಕೊನೆಯವರೆಗೆ, ಅಂದರೆ ಇಡೀ ಜೀನೋಮ್, ಓದಿಸಿ ವಂಶವೃಕ್ಷ ಬರೆದಾಗ, ಈ ಕಡ್ಡಿ ಹತ್ತಿರದ ನೆಂಟರೇ ಇಲ್ಲದೆ ದೂರದ ಒಂದು ಕೊಂಬೆಯಲ್ಲಿ ಒಂಟಿಯಾಗಿ ಕೂತಿತ್ತು. ಹೊಸ ಪ್ರಭೇದ ಮಾತ್ರವಲ್ಲ, ಹೊಸ ಕುಲವೇ ಇರಬಹುದೆಂದು ಮುಖ್ಯಸ್ಥರು ಹಿಗ್ಗಿದರು. ಜೊತೆಗೆ ಇನ್ನೊಂದು ಸಂಗತಿ ಸಿಕ್ಕಿತು: ತಮ್ಮನಿಗೆ ಏರಿಸಿದ್ದ ಎರಡು ಔಷಧಿಗಳಿಗೂ ಅದು ಜಗ್ಗುವುದಿಲ್ಲ.

ಅಂದು ಸಂಜೆ ಅಕ್ಕ ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ ತಾಯಿಯ ಮುಂದೆ ಕೂತು ಎಲ್ಲವನ್ನೂ ಹೇಳಿದಳು. ಇದು ಪ್ರಪಂಚದಲ್ಲಿ ಯಾರಿಗೂ ಗೊತ್ತಿರದ ಜೀವಿ, ಇದಕ್ಕೆ ಕೊಟ್ಟ ಔಷಧಿ ನಾಟುತ್ತಿರಲಿಲ್ಲ, ಮೊದಲ ದಿನವೇ ಆಸ್ಪತ್ರೆಗೆ ಹೋಗಿದ್ದರೂ ಉಳಿಯುತ್ತಿರಲಿಲ್ಲ ಎಂದಳು. ತಾಯಿ ಕೇಳಿದ್ದು ಒಂದೇ.

"ಕಟ್ಟಿದ್ದಕ್ಕೆ ಅಲ್ವಾ ಹಾಗಾದ್ರೆ?"

"ಕಟ್ಟಿದ್ರೂ ಅಷ್ಟೇ, ಬಿಟ್ಟಿದ್ರೂ ಅಷ್ಟೇ, ಅಮ್ಮ. ಅವಳ ತಪ್ಪೇನೂ ಇಲ್ಲ."

ಆಸ್ಪತ್ರೆಯಲ್ಲಿ ಆಡಿದ ಮಾತನ್ನು ವಾಪಸು ನುಂಗಲು ಇಷ್ಟು ದಿನ ದಾರಿ ಹುಡುಕುತ್ತಿದ್ದವಳು ಅವಳು. ದಾರಿ ಸಿಕ್ಕ ಸಂತೋಷದಲ್ಲಿ, ವಿಜ್ಞಾನ ಹೇಳಿದ್ದಕ್ಕಿಂತ ಒಂದು ಮೊಳ ಹೆಚ್ಚೇ ಹೇಳಿದ್ದಳು. ತಾಯಿ ಎದ್ದು ಮುಖ ತೊಳೆದುಕೊಂಡರು. ಮಾರನೆಯ ಬೆಳಿಗ್ಗೆ ಅವರೇ ಬಸ್ಸು ಹತ್ತಿ ಹೋಗಿ, ಸೊಸೆಯ ಕೈ ಹಿಡಿದು ಮನೆಗೆ ಕರೆತಂದರು. ತೆರೆದೇ ಇದ್ದ ಬೀರುವಿನಲ್ಲಿ ಬಟ್ಟೆಗಳು ಮತ್ತೆ ತುಂಬಿದವು. ಗುಬ್ಬಿಯನ್ನು ಹತ್ತಿರದ ಶಾಲೆಗೆ ಸೇರಿಸಿದರು. ಅಕ್ಕಪಕ್ಕದವರು ಮಗನ ಮಾತೆತ್ತಿದರೆ ತಾಯಿ, ಅದು ಡಾಕ್ಟರಿಗೂ ತಿಳಿಯದ ಹುಳ, ನನ್ನ ಮಗಳು ಹಿಡಿದಿಟ್ಟಿದ್ದಾಳೆ ಎಂದು ಹೇಳಿಕೊಳ್ಳುವರು. ಹೊಸ ಜೀವಿಗೆ ತಮ್ಮನ ಹೆಸರನ್ನೇ ಇಡಬಹುದೆಂದು ಮುಖ್ಯಸ್ಥರು ಸೂಚಿಸಿದ್ದನ್ನು ಕೇಳಿ ಮಾತ್ರ ತಾಯಿ ಸಿಡುಕಿದರು. ಕೊಂದ ಹುಳಕ್ಕೆ ಮಗನ ಹೆಸರೇ, ಕಳ್ಳನಿಗೆ ಮನೆ ಯಜಮಾನನ ಹೆಸರಿಟ್ಟ ಹಾಗಾಯಿತು ಎಂದರು. ಎಷ್ಟೋ ದಿನದ ಮೇಲೆ ಆ ಮನೆಯಲ್ಲಿ ಎಲ್ಲರೂ ನಕ್ಕರು, ಸೊಸೆಯೂ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು.

ಲ್ಯಾಬಿನಲ್ಲಿ ಕಾಲುವೆಗಳ ಹೂಳನ್ನು ತಂದು ಅದರಲ್ಲಿನ ಜೀವಿಗಳನ್ನು ಬೆಳೆಸುವ ಒಬ್ಬ ನಡುವಯಸ್ಸಿನ ಸಹೋದ್ಯೋಗಿ ಇದ್ದ. ಎಲ್ಲರೂ ಅವನನ್ನು ಕೆಸರಪ್ಪ ಎನ್ನುತ್ತಿದ್ದರು. ಕೈ ಕೆಸರಾಗಿದೆ ಸರಿ, ಬಾಯಿಗೆ ಮೊಸರು ಯಾವಾಗ ಎಂದು ಕಾಡಿಸುತ್ತಿದ್ದರು. ಮೊಸರು ಬಂದೇಬಿಟ್ಟಿತೆಂದು ಒಂದು ಮಧ್ಯಾಹ್ನ ಅವನು ಕುಣಿಯುತ್ತ ಬಂದ. ಎಲ್ಲೋ ದೂರದ ಬೆಟ್ಟದ ಕಾಲುವೆಯಿಂದ ತಂದ ಹೂಳಿನಲ್ಲಿ ಅದೇ ಬಾಗಿದ ಕಡ್ಡಿ ಸಿಕ್ಕಿತ್ತು. ಮುಖ್ಯಸ್ಥರಿಗೆ ಸ್ವರ್ಗಕ್ಕೆ ಮೂರೇ ಗೇಣು: ಕೆಸರಿನಲ್ಲೂ ಇದೆ, ರೋಗಿಯಲ್ಲೂ ಇದೆ, ಇದಕ್ಕಿಂತ ಪುರಾವೆ ಬೇಕೇ?

ಅಕ್ಕ ಎರಡೂ ಜೀನೋಮ್‌ಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿದಳು. ಡಿಎನ್‌ಎಯ ಒಂದು ಅಕ್ಷರವೂ ವ್ಯತ್ಯಾಸವಿಲ್ಲ. ಮತ್ತೊಮ್ಮೆ ಮಾಡಿದಳು, ಇಲ್ಲ. ಬೇರೆ ಬೇರೆ ಊರಿನಲ್ಲಿ ಬೆಳೆದ ಒಂದೇ ಪ್ರಭೇದದ ಬ್ಯಾಕ್ಟೀರಿಯಾಗಳಲ್ಲಿ ಸಾವಿರಾರು ಅಕ್ಷರಗಳಾದರೂ ಬೇರೆಯಾಗುತ್ತವೆ. ಇವು ದಾಯಾದಿಗಳಲ್ಲ, ಅಣ್ಣತಮ್ಮಂದಿರೂ ಅಲ್ಲ. ಒಂದೇ ಜೀವಿಯ ಎರಡು ತುಂಡು. ಪಂಪ್‌ಹೌಸಿಗೂ ಆ ಬೆಟ್ಟಕ್ಕೂ ನಡುವೆ ಇದ್ದ ನಂಟು ಒಂದೇ ಒಂದು. ಅವಳು ಕೆಸರಪ್ಪನನ್ನು ಕರೆದು, ದ್ರಾವಣ ಯಾವುದು ಬಳಸಿದೆ ಎಂದು ಕೇಳಿದಳು.

"ನಿಮ್ಮದೇ ಅಕ್ಕ. ನೀವು ಮಾಡಿಟ್ಟಿದ್ರಲ್ಲ, ಆ ದೊಡ್ಡ ಬಾಟ್ಲಿ."

ಆ ದ್ರಾವಣಕ್ಕೆ ಕಸಾಯಿಖಾನೆಯಿಂದ ತರಿಸಿದ ಹಸುವಿನ ಹೊಟ್ಟೆಯ ರಸ ಬೆರೆಸುತ್ತಾರೆ. ಗಾಳಿಯೊಲ್ಲದ ಜೀವಿಗಳಿಗೆ ಅದು ಮೃಷ್ಟಾನ್ನ. ಹಸುವಿನ ಹೊಟ್ಟೆಯಲ್ಲಿ ಕೋಟಿ ಜೀವಿಗಳಿರುತ್ತವೆ, ಕುದಿಸಿದರೆ ಸಾಯುತ್ತವೆ. ಬೀಜ ಕಟ್ಟಿಕೊಳ್ಳುವ ಕೆಲವು ಮಾತ್ರ ಎಷ್ಟು ಕುದಿಸಿದರೂ ಉಳಿದು, ವಾರಗಟ್ಟಲೆ ಮಲಗಿದ್ದು, ನಿಧಾನವಾಗಿ ಏಳುತ್ತವೆ. ಎರಡು ದಿನ ಬೆಚ್ಚಗಿಟ್ಟು ನೋಡಿದರೆ ಏನೂ ಕಾಣುವುದಿಲ್ಲ. ಅದೇ ಬಾಟ್ಲಿಯಲ್ಲಿ ತಣ್ಣಗೆ ಉಳಿದಿದ್ದ ದ್ರಾವಣವನ್ನು ಅಕ್ಕ ಬರೀ ಕೊಳವೆಗಳಿಗೆ ಹಾಕಿ, ಈ ಸಲ ಬೇರೇನೂ ಸೇರಿಸದೆ, ಕಾದಳು. ದಿನಾ ಬೆಳಿಗ್ಗೆ ಹೋಗಿ ಬೆಳಕಿಗೆ ಹಿಡಿದು ನೋಡುವಳು. ತಿಳಿಯಾಗಿಯೇ ಇರಲಿ ಎಂದು ಹರಕೆ ಹೊರುವುದೊಂದು ಬಾಕಿ. ಕೊನೆಗೆ ಅವೂ ಮಬ್ಬಾದವು, ಒಳಗೆ ಅದೇ ಬಾಗಿದ ಕಡ್ಡಿ.

ಹಾಗಾದರೆ ತಮ್ಮನನ್ನು ಕೊಂದದ್ದು ಯಾವುದು? ಜೀವಿ ಸತ್ತರೂ ಅದರ ಡಿಎನ್‌ಎ ಉಳಿದಿರುತ್ತದೆ. ಫ್ರೀಜರಿನಲ್ಲಿದ್ದ ಚೂರನ್ನು ಬೆಳೆಸುವ ಗೋಜಿಗೆ ಹೋಗದೆ, ಅವಳು ನೇರವಾಗಿ ಅದರೊಳಗಿನ ಡಿಎನ್‌ಎ ಓದಿಸಿದಳು. ಹೊಸ ಕಡ್ಡಿಯ ಒಂದು ಅಕ್ಷರವೂ ಅಲ್ಲಿರಲಿಲ್ಲ. ಇದ್ದದ್ದು ನೂರಕ್ಕೂ ಹೆಚ್ಚು ವರ್ಷಗಳಿಂದ ಎಲ್ಲರಿಗೂ ಗೊತ್ತಿರುವ, ಮೊದಲ ವರ್ಷದ ವಿದ್ಯಾರ್ಥಿಯೂ ಗುರುತಿಸುವ, ಮಣ್ಣಿನಲ್ಲಿ ಚರಂಡಿಯಲ್ಲಿ ಎಲ್ಲೆಲ್ಲೂ ಇರುವ ಮಾಮೂಲಿ ಬ್ಯಾಕ್ಟೀರಿಯಾ. ಗಾಯ ತೆರೆದಿಟ್ಟು, ಬೇಗ ಹೋಗಿ ಅಗ್ಗದ ಹಳೇ ಔಷಧಿ ಚುಚ್ಚಿಸಿಕೊಂಡಿದ್ದರೆ ಅದರ ಆಟ ಅಲ್ಲಿಗೇ ಮುಗಿಯುತ್ತಿತ್ತು. ಅದು ಹುಚ್ಚೆದ್ದು ಬೆಳೆಯುವುದು ಒಂದೇ ಕಡೆ: ಗಾಳಿ ಆಡದ ಹಾಗೆ ಬಿಗಿದ ಗಾಯದಲ್ಲಿ.

ಅಕ್ಕ ಮುಖ್ಯಸ್ಥರ ಕೋಣೆಗೆ ಹೋಗಿ ಎಲ್ಲವನ್ನೂ ಒಪ್ಪಿಸಿದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಹೊಸ ಜೀವಿ ಹೊಸ ಜೀವಿಯೇ, ಹಸುವಿನ ಹೊಟ್ಟೆಯಿಂದ ಬಂದದ್ದು ಎಂದು ಬರೆದರಾಯಿತು, ನಷ್ಟವೇನಿಲ್ಲ ಎಂದು ಸಮಾಧಾನ ಹೇಳಿದರು. ಅವರ ಮಟ್ಟಿಗೆ ಅದು ನಿಜವೇ. ಪಾಪದ ಆ ಕಡ್ಡಿ ಯಾರನ್ನೂ ಕೊಂದಿರಲಿಲ್ಲ. ಹುಲ್ಲು ಜೀರ್ಣಿಸಿಕೊಂಡು ಹಸುವಿನ ಹೊಟ್ಟೆಯಲ್ಲಿ ತನ್ನ ಪಾಡಿಗೆ ತಾನಿದ್ದದ್ದನ್ನು ಎಳೆದು ತಂದು ಕೊಲೆಗಾರನ ಪಟ್ಟ ಕಟ್ಟಿದವಳು ಇವಳು. ಪಟ್ಟ ಕಿತ್ತುಕೊಂಡರೆ ಅದು ಯಾರ ತಲೆಗೆ ಹೋಗುತ್ತದೆ ಎನ್ನುವುದು ಅವಳೊಬ್ಬಳಿಗೇ ಗೊತ್ತಿತ್ತು.

ಬಸ್ಸಿನಲ್ಲಿ ಬರುತ್ತ ಅವಳು ನಿರ್ಧಾರ ಮಾಡಿದಳು. ಲ್ಯಾಬಿನಲ್ಲಿ ನಿಜ ಹೇಳಿಯಾಯಿತು, ಮನೆಯಲ್ಲಿ ಹೇಳುವುದಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಸುಳ್ಳಿನ ಭಾರ ತನಗೊಬ್ಬಳಿಗೇ ಇರಲಿ, ಅದನ್ನು ಹೊರಲು ತನಗೆ ಬೆನ್ನಿದೆ ಅಂದುಕೊಂಡಳು. ಎಷ್ಟೋ ದಿನದ ಮೇಲೆ ಮನಸ್ಸು ಹಗುರವಾದಂತಾಗಿ, ಇಳಿಯುವ ನಿಲ್ದಾಣದಲ್ಲಿ ಗುಬ್ಬಿಗೆ ಬಿಸ್ಕತ್ತಿನ ಪೊಟ್ಟಣವನ್ನೂ ಕೊಂಡಳು.

ಮನೆಯಲ್ಲಿ ಗುಬ್ಬಿ ಅಜ್ಜಿಯ ತೊಡೆಯ ಮೇಲೆ ಕಾಲು ಚಾಚಿ ಕೂತಿದ್ದಳು. ಹಿಂದಿನ ದಿನ ಆಟದ ಬಯಲಿನಲ್ಲಿ ಮೊಳೆ ಚುಚ್ಚಿತ್ತಂತೆ. ಅವಳ ಅಮ್ಮ ತೊಳೆದು, ಮುಲಾಮು ಹಚ್ಚಿ, ಬಟ್ಟೆ ಸುತ್ತಿ, ಶಾಲೆಯ ಅಂಗಳದಲ್ಲಿ ನೀರು ನಿಂತಿದೆಯೆಂದು ಮೇಲೆ ಪ್ಲಾಸ್ಟಿಕ್ ಕವರ್ ಎಳೆದು ಟೇಪ್ ಬಿಗಿದಿದ್ದಳು. ಕಟ್ಟಿನ ಅಂಚಿನಲ್ಲಿ ಪಾದದ ಚರ್ಮ ಸ್ವಲ್ಪ ಉಬ್ಬಿ ಕೆಂಪಾಗಿತ್ತು.

ಅಕ್ಕನ ಕೈಯಿಂದ ಚೀಲ ಬಿತ್ತು. ಅವಳು ನೆಲಕ್ಕೆ ಕೂತವಳೇ ಉಗುರಿನಿಂದ ಟೇಪ್ ಕೀಳತೊಡಗಿದಳು. ಗುಬ್ಬಿ ಅಳಲು ಶುರುಮಾಡಿದಳು.

"ಯಾಕೆ ಬಿಚ್ತಿದ್ದೀಯ?" ತಾಯಿ ಕೇಳಿದರು. "ಬೆಳಿಗ್ಗೆಯಷ್ಟೇ ಕಟ್ಟಿದ್ದಾಳೆ."

ಅಡುಗೆಮನೆಯಿಂದ ತಮ್ಮನ ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದಳು. ಗಾಬರಿಯೇನೂ ಇರಲಿಲ್ಲ, ಮುಖದಲ್ಲಿ ಸಣ್ಣ ನಗೆಯೇ ಇತ್ತು. "ಏನಾಗಲ್ಲ ಬಿಡಿ ಅಕ್ಕ. ಕಟ್ಟೋದಕ್ಕೂ ಅದಕ್ಕೂ ಸಂಬಂಧ ಇಲ್ಲ ಅಂತ ನೀವೇ ಹೇಳಿದ್ರಲ್ಲ. ನಾಳೆ ಹೊಸದು ಕಟ್ತೀನಿ."

ನಾಳೆ ಮತ್ತೆ ಕಟ್ಟುತ್ತಾಳೆ. ನಾಡಿದ್ದೂ ಕಟ್ಟುತ್ತಾಳೆ. ಈ ಮಗುವಿಗೆ ಬೀಳುವ ಪ್ರತಿಯೊಂದು ಗಾಯಕ್ಕೂ, ತಾನು ಕೊಟ್ಟ ಧೈರ್ಯದ ಮೇಲೆ, ಇಷ್ಟೇ ಅಕ್ಕರೆಯಿಂದ ಕಟ್ಟುತ್ತಾಳೆ.

"ಕಟ್ಟಬಾರದು," ಅಕ್ಕ ಅಂದಳು. "ನಾನು ಹೇಳಿದ್ದು ತಪ್ಪು. ಆ ಹೊಸ ಹುಳ ಅವನ ಕಾಲಲ್ಲಿ ಇರಲೇ ಇಲ್ಲ. ನನ್ನ ಬಾಟ್ಲಿಯಿಂದ ಬಂದದ್ದು ಅದು. ಅವನಿಗೆ ಆಗಿದ್ದು ಮಾಮೂಲಿ ಸೋಂಕು. ಗಾಳಿ ಇಲ್ಲದ ಕಡೆ ಬೆಳೆಯೋದು."

ತಮ್ಮನ ಹೆಂಡತಿ ಬಾಗಿಲಿಗೆ ಒರಗಿ ನಿಂತಳು.

"ಕಟ್ಟದೇ ಇದ್ದಿದ್ರೆ ಉಳೀತಿದ್ರಾ?"

ಗೊತ್ತಿಲ್ಲ ಎನ್ನಬಹುದಿತ್ತು. ಅದೂ ಪೂರ್ತಿ ಸುಳ್ಳಾಗುತ್ತಿರಲಿಲ್ಲ. ಆದರೆ ಇನ್ನೊಂದು ಅರ್ಧ ನಿಜ ಹೇಳುವಷ್ಟು ತ್ರಾಣ ಅಕ್ಕನಲ್ಲಿ ಉಳಿದಿರಲಿಲ್ಲ.

"ಬೇಗ ಆಸ್ಪತ್ರೆಗೆ ಹೋಗಿದ್ರೆ, ಗಾಯ ತೆರೆದಿದ್ರೆ... ಉಳೀತಿದ್ದ ಅನ್ಸುತ್ತೆ."

ತಮ್ಮನ ಹೆಂಡತಿ ತಲೆಯಾಡಿಸಿದಳು, ಅಂಗಡಿಯವನು ಹೇಳಿದ ಲೆಕ್ಕ ಒಪ್ಪಿಕೊಂಡವಳ ಹಾಗೆ. ಆಮೇಲೆ ಬಂದು ಮಗಳ ಕಾಲಿನ ಬಟ್ಟೆಯ ಕೊನೆಯ ಸುತ್ತನ್ನು ತಾನೇ ಬಿಚ್ಚಿ, ಅದನ್ನು ಮಡಿಸಿ ಬದಿಗಿಟ್ಟಳು. ಅಕ್ಕ ಮಗುವನ್ನು ಎತ್ತಿಕೊಂಡು ಕ್ಲಿನಿಕ್ಕಿಗೆ ಓಡಿದಳು. ಡಾಕ್ಟರು ಗಾಯ ಬಿಡಿಸಿ ತೊಳೆದು, ಒಂದು ಇಂಜೆಕ್ಷನ್ ಕೊಟ್ಟು, ಸರಿಯಾದ ಹೊತ್ತಿಗೆ ತಂದಿರಿ ಎಂದರು. ಕೆಲವೇ ದಿನಗಳಲ್ಲಿ ಗುಬ್ಬಿ ಕುಂಟುವುದನ್ನು ಬಿಟ್ಟು ಮೊದಲಿನ ಹಾಗೆ ಓಡತೊಡಗಿದಳು.

ತಾಯಿ ಈ ಸಲ ಸೊಸೆಯನ್ನು ಒಂದು ಮಾತೂ ಅನ್ನಲಿಲ್ಲ. ತಟ್ಟೆಗೆ ಬಡಿಸಿದರು, ಬಟ್ಟೆ ಮಡಿಸಿದರು, ಹೊರಗೆ ಹೋಗುವಾಗ ಹೇಳಿ ಹೋದರು. ಅವರ ಕೋಪವೆಲ್ಲ ಮಗಳ ಮೇಲೆ ತಿರುಗಿತ್ತು. ಒಂದು ಬೆಳಿಗ್ಗೆ ಇಬ್ಬರೇ ಇದ್ದಾಗ ಕೇಳಿಯೇಬಿಟ್ಟರು.

"ಆ ಮಾತು ಹೊಟ್ಟೇಲಿ ಇಟ್ಕೊಂಡೇ ಕಟ್ಟು ಬಿಚ್ಚೋಕೆ ಆಗ್ತಿರ್ಲಿಲ್ವಾ ನಿನಗೆ? ಒಂದು ನೆಪ ಸಿಗ್ಲಿಲ್ವಾ? ಅಷ್ಟು ಓದಿದೀಯಲ್ಲ."

ಸಿಗುತ್ತಿತ್ತು. ಮಗುವಿನ ಚರ್ಮ ಸೂಕ್ಷ್ಮ ಎನ್ನಬಹುದಿತ್ತು, ಮುಲಾಮು ಹಳೆಯದು ಎನ್ನಬಹುದಿತ್ತು. ಆಮೇಲೆ ಹತ್ತು ನೆಪಗಳು ಹೊಳೆದಿದ್ದವು, ಆ ಹೊತ್ತಿಗೆ ಒಂದೂ ಹೊಳೆಯಲಿಲ್ಲ. ಅಕ್ಕ ಲ್ಯಾಬಿಗೆ ಹೊರಟಳು. ಅಲ್ಲಿ ಹೊಸ ಕಡ್ಡಿಗೆ ಹಸುವನ್ನು ನೆನಪಿಸುವ ಒಂದು ಚಂದದ ಹೆಸರು ಇಟ್ಟಾಗಿತ್ತು. ನಿಯಮದ ಪ್ರಕಾರ ಅದರ ಜೀವಂತ ಕೊಳವೆಗಳನ್ನು ಎರಡು ಬೇರೆ ಬೇರೆ ದೇಶಗಳ ಸಂಗ್ರಹಗಳಿಗೆ ಕಳಿಸಲು ಪ್ಯಾಕ್ ಮಾಡಬೇಕಿತ್ತು. ಮುಚ್ಚಳಗಳನ್ನು ಗಾಳಿ ನುಸುಳದ ಹಾಗೆ ಬಿಗಿಯುವ ಕೆಲಸವನ್ನು ಅವಳು ಕೆಸರಪ್ಪನಿಗೆ ಬಿಟ್ಟಳು.

ಆ ತಿಂಗಳ ಕೊನೆಯಲ್ಲಿ ಒಂದು ಸಂಜೆ ಗುಬ್ಬಿ ಶಾಲೆಯ ಮೆಟ್ಟಿಲ ಮೇಲೆ ಬಿದ್ದು ಮೊಣಕಾಲು ತರಚಿಕೊಂಡು ಬಂದಳು. ದೊಡ್ಡ ಗಾಯವಲ್ಲ, ಒಂದಿಷ್ಟು ಮಣ್ಣು, ಒಂದಿಷ್ಟು ರಕ್ತ. ಅವಳ ಅಮ್ಮ ಅಲ್ಲೇ ನಲ್ಲಿಯ ಹತ್ತಿರ ಪಾತ್ರೆ ತೊಳೆಯುತ್ತಿದ್ದಳು. ಮಗಳು ಕಾಲು ಮುಂದೆ ಚಾಚಿದ್ದನ್ನು ನೋಡಿ ಅವಳು ಎರಡು ಹೆಜ್ಜೆ ಹಿಂದೆ ಸರಿದು, ಒದ್ದೆ ಕೈಗಳನ್ನು ಬೆನ್ನ ಹಿಂದೆ ಮಾಡಿಕೊಂಡಳು. ಗುಬ್ಬಿ ಸ್ವಲ್ಪ ಹೊತ್ತು ಕಾದು, ಆಮೇಲೆ ಅಮ್ಮನನ್ನು ದಾಟಿಕೊಂಡು ಅಕ್ಕನ ಕೋಣೆಗೆ ಬಂದಳು.

"ಅತ್ತೆ, ನೀನೇ ತೊಳಿ. ಅಮ್ಮ ಮುಟ್ಟಿದ್ರೆ ನಾನೂ ಸತ್ತೋಗ್ತೀನಂತೆ."

ಅಕ್ಕ ಅವಳನ್ನು ಹತ್ತಿರ ಎಳೆದುಕೊಂಡಳು. "ಯಾರು ಹೇಳಿದ್ದು? ಅಜ್ಜಿನಾ?"

"ಅಲ್ಲ," ಎಂದಳು ಗುಬ್ಬಿ. "ಅಮ್ಮನೇ."